ಲಕ್ಕಿಹಳ್ಳದ ತಾರವ್ವ

ತಾರವ್ವ ತೀರಿಕೊಂಡು ಈ ಶ್ರಾವಣಕ್ಕೆ ಒಂದು ವರ್ಷವಾಯಿತು. ನಮ್ಮೂರು ಜುಗೂಳದ ಲಕ್ಕಿಹಳ್ಳ ನೋಡಲು ಈಗ ರಾಯಬಾಗ, ಚಿಕ್ಕೋಡಿ ಕಡೆಯ ರೈತರು ಜೀಪು ಮಾಡಿಕೊಂಡು ಬರುತ್ತಾರೆ. ಸವಳು ಹಿಡಿದು ಉಪ್ಪೆದ್ದ ಹೊಲ ತಿರುಗಿ ಕಬ್ಬಿಗೆ ಬಂದದ್ದು ಹೇಗೆ ಎಂದು ಕೇಳುತ್ತಾರೆ. ನಮ್ಮೂರಿನ ಕೆಲವು ದೊಡ್ಡ ಮನುಷ್ಯರು ಇದು ಇಂಥ ಸಾಹೇಬರು ಮಾಡಿದ್ದು, ಅಂಥ ಯೋಜನೆಯಿಂದ ಆದದ್ದು ಎಂದು ಹೇಳಿ, ಚಹಾ ಕುಡಿಸಿ ಕಳಿಸುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ಹಳ್ಳವನ್ನು ತಿರುಗಿ ತಂದವಳು ಕುರಿ ಕಾಯುವ ಒಬ್ಬ ಹೆಂಗಸು, ಸಹಿ ಮಾಡಲೂ ಬಾರದವಳು. ಇದನ್ನು ಹೇಳುವ ಹಕ್ಕು ಊರಲ್ಲಿ ಎಲ್ಲರಿಗಿಂತ ನನಗೆ ಹೆಚ್ಚು. ಯಾಕೆಂದರೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಅನ್ಯಾಯ ಮಾಡಿದವನು ನಾನೇ.

ನಮ್ಮ ಊರಿನ ನೆಲ ಹೀಗಿದೆ. ಮೇಲೆ ಕಲ್ಲುಗರಸಿನ ಮಡ್ಡಿ, ಎತ್ತರದ ಬರಡು ನೆಲ. ಅಲ್ಲಿ ಕುರಿಯವರ ಹನ್ನೊಂದು ಮನೆ. ಮಡ್ಡಿಯಿಂದ ಇಳಿಯುತ್ತ ಬಂದರೆ ಕರಿ ಹೊಲಗಳು, ಕೊನೆಗೆ ಕೃಷ್ಣೆ. ಮಡ್ಡಿಯ ಬುಡದಿಂದ ಹೊಳೆಯವರೆಗೆ ಮೊದಲು ಒಂದು ಹಳ್ಳ ಹರಿಯುತ್ತಿತ್ತು. ಎರಡೂ ದಂಡೆಗೆ ಲಕ್ಕಿ ಗಿಡ ಬೆಳೆದಿದ್ದರಿಂದ ಲಕ್ಕಿಹಳ್ಳ. ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಮರಳು. ಆ ಮರಳಿನಲ್ಲೇ ಮಡ್ಡಿಯ ಕುರಿಗಳು ಹೊಳೆಗೆ ನೀರಿಗಿಳಿಯುತ್ತಿದ್ದವು. ಹಳ್ಳದ ಗುಂಟ ಮೂರು ಮನೆತನದ ಹೊಲ: ಮೇಲೆ ನಮ್ಮದು, ನಡುವೆ ದಾದಾಸಾಹೇಬನದು, ಹೊಳೆಯ ಕಡೆ ಅಣ್ಣಾಸಾಬನದು.

ಹೊಳೆಗೆ ಪಂಪು ಕೂತ ಮೇಲೆ ನಮ್ಮೆಲ್ಲರ ಕಣ್ಣು ದೊಡ್ಡವಾದವು. ಹಳ್ಳವನ್ನು ನಾವು ಒಂದೇ ದಿನ ನುಂಗಲಿಲ್ಲ. ವರ್ಷಕ್ಕೆ ಎರಡು ಸಾಲು ಒತ್ತಿದೆವು. ಆ ಕಡೆಯವನು ಒತ್ತಿದ್ದನ್ನು ನೋಡಿ ಈ ಕಡೆಯವನು, ಇವನನ್ನು ನೋಡಿ ಅವನು. ಕೊನೆಗೆ ಉಳಿದ ತಗ್ಗನ್ನು ಟ್ರ್ಯಾಕ್ಟರಿನಿಂದ ಒಂದು ವಾರದಲ್ಲಿ ಸಪಾಟು ಮಾಡಿ ಕಬ್ಬು ಊರಿದೆವು. ಬೇರೆ ಯಾರಾದರೂ ನಮ್ಮ ಒಂದು ಗೇಣು ಬದು ಕಡಿದಿದ್ದರೆ ಅಥಣಿಯ ಕೋರ್ಟಿಗೆ ಹೋಗುತ್ತಿದ್ದ ಜನ ನಾವು, ಹಳ್ಳಕ್ಕೆ ವಕೀಲರಿರಲಿಲ್ಲ.

1984ರ ಬೇಸಿಗೆಯಲ್ಲಿ ಕಡಿದ ಬುಡದಿಂದ ತಿರುಗಿ ಚಿಗುರಿದ್ದ ನಮ್ಮ ಕುಳೆ ಕಬ್ಬಿನೊಳಗೆ ಅರವತ್ತು ಕುರಿ ಹೊಕ್ಕಿದ್ದವು. ನಾನು ಆಳುಗಳನ್ನು ಕರೆದು ಅಷ್ಟನ್ನೂ ಕೊಂಡವಾಡಕ್ಕೆ ಹೊಡೆಸಿದೆ. ಕೊಂಡವಾಡವೆಂದರೆ ಬೆಳೆ ತಿಂದ ದನಕರುಗಳನ್ನು ದಂಡ ಕಟ್ಟುವವರೆಗೆ ಕೂಡಿಹಾಕುವ ಪಂಚಾಯತಿಯ ಕಲ್ಲು ದೊಡ್ಡಿ. ನೆರಳಿಲ್ಲ, ನೀರಿಲ್ಲ. ಮಧ್ಯಾಹ್ನ ತಾರವ್ವ ಬಂದಳು. ಆಗ ಅವಳಿಗೆ ನಲವತ್ತೈದರ ಆಸುಪಾಸು. ಎತ್ತರದ ಒಣ ಮೈ, ಹಣೆ ತುಂಬ ಕುಂಕುಮ. ಹಿಂದೆ ಗಂಡ ಭೀಮಸಿ, ಹೆಗಲ ಮೇಲೆ ಕಂಬಳಿ. ಭೀಮಸಿ ಮಾತಾಡಿದ್ದನ್ನು ಊರಲ್ಲಿ ಕೇಳಿದವರು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದುಕೊಂಡು ನಾನು ಸೆಟೆದು ನಿಂತಿದ್ದೆ. ಅವಳು ದಂಡ ಕಟ್ಟಿದಳು, ಕುರಿಗಳನ್ನು ಹೊರಗೆ ಬಿಡಿಸಿಕೊಂಡಳು, ನಾಲ್ಕಾರು ಕುರಿಗಳ ಬಾಯಿ ತೆರೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಸಾವಕಾರ್ರ, ನನ್ನ ಕುರಿ ನಿಮ್ಮ ಕಬ್ಬ ತಿಂದಿಲ್ರಿ. ಮಣ್ಣ ನೆಕ್ಕ್ಯಾವ. ನಿಮ್ಮ ತಗ್ಗಿನ ಹೊಲಕ್ಕ ಉಪ್ಪ ಏಳಾಕತ್ತೈತಿ. ನೋಡ್ಕೋರಿ."

ನನಗೆ ಮೈ ಉರಿಯಿತು. ತಪ್ಪು ಮಾಡಿದವಳು ದಂಡ ಕಟ್ಟಿ ಸುಮ್ಮನೆ ಹೋಗುವುದು ಬಿಟ್ಟು, ನನ್ನ ಹೊಲಕ್ಕೆ ಕೆಡಕು ನುಡಿಯುತ್ತಿದ್ದಾಳೆ ಎನಿಸಿತು. ಅವತ್ತು ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಾಯಿ ಚನ್ನವ್ವ ಇನ್ನೂ ಗಟ್ಟಿಯಾಗಿದ್ದಾಳೆ, ಮೊಮ್ಮಕ್ಕಳ ಕೈಯಲ್ಲಿ ಓದಿಸಿ ಕೇಳುತ್ತಾಳೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ತಗ್ಗಿನಲ್ಲಿ ಕಬ್ಬು ಮೊಳಕಾಲೆತ್ತರಕ್ಕೆ ನಿಂತುಬಿಟ್ಟಿತು. ಗರಿ ಹಳದಿಯಾಯಿತು. ಚಳಿಗಾಲದ ಬೆಳಿಗ್ಗೆ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ. ನಮ್ಮಣ್ಣ ರಾವಸಾಹೇಬ ಮನೆಯ ಹಿರಿಯ. ಬೆಳೆಗೆ ಯಾವ ರೋಗ ಬಂದರೂ ನೀರೇ ಔಷಧ ಎಂದು ನಂಬಿದವನು. ಕಬ್ಬು ಒಣಗುತ್ತಿದೆ ಎಂದು ವಾರಕ್ಕೆ ಒಂದು ಸಲ ಬಿಡುತ್ತಿದ್ದ ನೀರನ್ನು ಎರಡು ಸಲ ಬಿಟ್ಟ. ಯೂರಿಯಾ ಚೀಲ ಹೆಚ್ಚಿಸಿದ. ನೀರು ಹೆಚ್ಚಿದಷ್ಟೂ ಬಿಳಿ ಪುಡಿ ಹಬ್ಬಿತು. ಹೊಳೆಯ ದಂಡೆಯ ರೈತರು ಮಾತ್ರ ಮಾಡಬಲ್ಲ ತಪ್ಪು ಅದು. ನೀರಿಲ್ಲದ ಊರಿನವರಿಗೆ ಮಾಡಬೇಕೆಂದರೂ ಸಾಧ್ಯವಿಲ್ಲ.

ಕೊನೆಗೆ ಕೃಷಿ ಇಲಾಖೆಯ ಹುಡುಗ ವಯಸ್ಸಿನ ಒಬ್ಬ ಅಧಿಕಾರಿ ಬಂದರು, ಹಳೆ ಮೈಸೂರು ಕಡೆಯವರು. ತಗ್ಗಿನಲ್ಲಿ ಒಂದು ಗುಂಡಿ ತೋಡಿಸಿದರು. ತೊಡೆಯಷ್ಟು ಆಳ ಹೋಗುವುದರೊಳಗೆ ಗುಂಡಿಯಲ್ಲಿ ನೀರು ನಿಂತಿತು. ಅವರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಈ ಭೂಮಿ ನೀರಿಲ್ಲದೆ ಸಾಯುತ್ತಿಲ್ಲ, ನೀರು ಹೊರಗೆ ಹೋಗಲು ದಾರಿಯಿಲ್ಲದೆ ಸಾಯುತ್ತಿದೆ ಎಂದರು. ಹೊಳೆಯವರೆಗೆ ಒಂದು ಆಳದ ಬಸಿಗಾಲುವೆ ತೋಡಬೇಕು ಎಂದರು. ನಂತರ, ಇಲ್ಲಿ ಮೊದಲು ಹಳ್ಳ ಏನಾದರೂ ಇತ್ತೇ ಎಂದು ಕೇಳಿದರು.

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಣ್ಣ "ಇಲ್ರಿ" ಎಂದ.

ಹಳ್ಳ ಇತ್ತು ಎಂದರೆ ನುಂಗಿದ್ದು ಒಪ್ಪಿಕೊಂಡಂತೆ. ಇರಲಿಲ್ಲ ಎಂದರೆ ಕಾಲುವೆ ಎಲ್ಲಿ ತೋಡುವುದು? ಈ ಒಂದು ಪ್ರಶ್ನೆಯ ಮೇಲೆ ಮೂರು ಮನೆತನದವರು ಚಾವಡಿಯಲ್ಲಿ ನಾಲ್ಕು ಸಲ ಸೇರಿ ನಾಲ್ಕು ಸಲವೂ ಜಗಳವಾಡಿ ಎದ್ದೆವು. ಅಣ್ಣಾಸಾಬ ಮೋಜಣಿ ಮಾಡಿಸಿರಿ, ಸರಕಾರದವರೇ ಅಳೆಯಲಿ ಎಂದ. ದಾದಾಸಾಹೇಬ ಆಗಷ್ಟೇ ಹಳ್ಳ ಮುಚ್ಚಿದ ಜಾಗದಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು ದ್ರಾಕ್ಷಿ ಹಬ್ಬಿಸಿದ್ದ. ಅವನು ಸಿಟ್ಟಾದರೆ ಮರಾಠಿಗೆ ಹೊರಳುತ್ತಾನೆ. "ಹೇ ಜಮಣಾರ ನಾಹಿ," ಇದು ಆಗುವ ಮಾತಲ್ಲ ಎಂದು ಎದ್ದು ಧೋತರದ ಚುಂಗು ಝಾಡಿಸಿ ಹೋಗಿಬಿಟ್ಟ. ಹೀಗೆ 1990 ಬಂತು. ಅಷ್ಟರಲ್ಲಿ ನಮ್ಮ ಎರಡೂವರೆ ಎಕರೆ ಬಿಳಿಯಾಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ನಮ್ಮವ್ವ ಅಣ್ಣತಮ್ಮಂದಿರಿಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. ಆ ಹಳ್ಳದಲ್ಲಿ ದಿನಾ ನಡೆದವಳು ಮಡ್ಡಿಯ ಮೇಲೆ ಜೀವಂತ ಇದ್ದಾಳೆ, ಅವಳನ್ನು ಒಂದು ಮಾತು ಕೇಳದೆ ನೀವು ನೀವೇ ಏನು ಬಡಿದಾಡುತ್ತೀರಿ ಎಂದಳು. ಕುರಿ ಕೂಡಿಸಿದವನು ನಾನು, ಆದ್ದರಿಂದ ಹೋಗಬೇಕಾದವನೂ ನಾನೇ ಆದೆ.

ಮಡ್ಡಿಗೆ ಹೋದಾಗ ತಾರವ್ವ ಮನೆಯ ಮುಂದೆ ಉಣ್ಣೆ ನೂಲುತ್ತಿದ್ದಳು. ಹಳೆಯದನ್ನು ಎತ್ತಲಿಲ್ಲ. ಕಂಬಳಿ ಹಾಸಿ ಕೂರಿಸಿದಳು, ಕರಿ ಚಹಾ ಕೊಟ್ಟಳು. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅಲ್ಲಿ ಕೂತ ಮೇಲೆ ಎಲ್ಲ ಮರೆತು, ನೀನು ಹೇಳಿದ್ದು ಖರೆಯಾಯಿತು ಎಂದಷ್ಟೇ ಅಂದೆ. ಅವಳು ತಲೆಯಾಡಿಸಿದಳು. ನೂಲುವ ಕೈ ನಿಲ್ಲಲಿಲ್ಲ.

ಆಮೇಲೆ ತನ್ನ ಕಥೆ ಹೇಳಿದಳು. ಹಳ್ಳ ಹೋದ ಮೇಲೆ ಅವಳ ಕುರಿಗಳು ನೀರಿಗಾಗಿ ಕಾಗವಾಡದ ರಸ್ತೆ ಹಿಡಿದು ಸುತ್ತಿ ಬರಬೇಕಿತ್ತು. ಬೇಸಿಗೆಯಲ್ಲಿ ಮರಿಗಳು ದಾರಿಯಲ್ಲೇ ಕೂತುಬಿಡುತ್ತಿದ್ದವು. ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಸತ್ತವೂ ಇದ್ದವು. ಹನ್ನೊಂದು ಮನೆಗಳಲ್ಲಿ ಏಳು ಮನೆಯವರು ಆಗಲೇ ಕುರಿ ಮಾರಿ ಕಬ್ಬು ಕಡಿಯುವ ಗ್ಯಾಂಗು ಸೇರಿದ್ದರು. ಚಿಂಚಲಿಯ ಬಾಳಾಸಾಬ ಎಂಬ ವ್ಯಾಪಾರಿ ಇವಳ ಹಿಂಡನ್ನೂ ಕೇಳಿ ಹೋಗಿದ್ದ. ಯುಗಾದಿ ಪಾಡ್ಯೆಯ ದಿನ ಟೆಂಪೊ ತರುತ್ತೇನೆ ಎಂದಿದ್ದ.

"ಹೌದಂತನೂ ಅಂದಿಲ್ಲ, ಇಲ್ಲಂತನೂ ಅಂದಿಲ್ರಿ," ಎಂದಳು ತಾರವ್ವ. "ಪಾಡ್ಯೆತನಾ ಹೊಳಿಗೆ ದಾರಿ ಆದ್ರ ಕುರಿ ನನ್ನವು. ಆಗಲಿಲ್ಲಂದ್ರ ಅವನವು. ಇನ್ನೊಂದ ಬ್ಯಾಸಿಗಿ ಅವುಕ್ಕ ನೀರಡಿಸಿ ನಡಸಾಕ ನನ್ನ ಕೈಲೆ ಆಗೂದಿಲ್ಲ."

ನನಗೆ ನೀರು ಹೊರಗೆ ಹೋಗಬೇಕಿತ್ತು, ಅವಳಿಗೆ ಕುರಿ ನೀರಿಗೆ ಹೋಗಬೇಕಿತ್ತು. ಇಬ್ಬರಿಗೂ ಬೇಕಾದದ್ದು ಒಂದೇ ಹಳ್ಳ. ಇಷ್ಟು ಸರಳ ವಿಷಯ ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ನಾನು ಉತ್ಸಾಹದಿಂದ, ನಾಳೆಯೇ ಚಾವಡಿಗೆ ಬಾ, ಎಲ್ಲರ ಮುಂದೆ ಹಳ್ಳ ಎಲ್ಲಿತ್ತು ಹೇಳು ಎಂದೆ. ಅವಳು ನಕ್ಕಳು. ಚಾವಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಗುಂಟೆ ಹಿಡಿದುಕೊಂಡು ಕೂರುತ್ತಾರೆ, ಅಲ್ಲಿ ಹಳ್ಳದ ಮಾತು ಬೇಡ ಎಂದಳು. ಬೇರೆ ಒಂದು ದಾರಿ ಹೇಳಿದಳು.

ಮೊದಲು ನಮ್ಮಲ್ಲಿ ಬೆಳೆ ತೆಗೆದ ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿ ಇತ್ತು. ಹಿಂಡು ಎರಡು ಮೂರು ದಿನ ಅಲ್ಲೇ ತಂಗಿದರೆ ಹಿಕ್ಕೆ, ಗಂಜಲ ನೆಲಕ್ಕೆ ಬಿದ್ದು ಒಳ್ಳೆಯ ಗೊಬ್ಬರ. ಹೊಲದವರು ಕುರಿಯವರಿಗೆ ಜೋಳ ಕೊಡುತ್ತಿದ್ದರು, ಸಂಜೆ ರೊಟ್ಟಿ ಬುತ್ತಿ ತಂದು ಅವರ ಜೊತೆ ಕೂತು ಉಣ್ಣುತ್ತಿದ್ದರು. ಯೂರಿಯಾ ಬಂದ ಮೇಲೆ ಜೋಳ ಕೊಡುವುದೂ ನಿಂತಿತು, ಕೂತು ಉಣ್ಣುವುದೂ ನಿಂತಿತು. ತಾರವ್ವ ಆ ವರ್ಷ ಮೂವರ ಹೊಲದಲ್ಲೂ ಕುರಿ ನಿಲ್ಲಿಸುತ್ತೇನೆ ಎಂದಳು. ಜೋಳ ಬೇಡ. ಸಂಜೆ ಆ ಮನೆಯವರೆಲ್ಲ ಬಂದು ತನ್ನ ಜೊತೆ ಉಣ್ಣಬೇಕು, ಅಷ್ಟೇ. ಬಿಟ್ಟಿ ಗೊಬ್ಬರ ಎಂದರೆ ಬೇಡವೆನ್ನುವ ರೈತ ನಮ್ಮ ಕಡೆ ಹುಟ್ಟಿಲ್ಲ. ಮೂವರೂ ಒಪ್ಪಿದರು.

ಅಣ್ಣಾಸಾಬನ ಹೊಲದಿಂದ ಶುರುವಾಯಿತು. ನಾನೂ ಹೋಗಿದ್ದೆ. ಕಬ್ಬು ಕಡಿದ ಬಯಲಿನಲ್ಲಿ ಹಿಂಡು ಮಲಗಿತ್ತು. ಉಣ್ಣುತ್ತ ಉಣ್ಣುತ್ತ ತಾರವ್ವ ಅಣ್ಣಾಸಾಬನನ್ನು ಒಂದು ಮಾತು ಕೇಳಿದಳು.

"ಸಣ್ಣಾವರಿದ್ದಾಗ ಈ ಹೊಲದಾಗ ನಿಮಗ ಕುಂದ್ರಾಕ ಯಾವ ಜಾಗಾ ಚಲೋ ಅನಸ್ತಿತ್ತ್ರಿ?"

ಅಣ್ಣಾಸಾಬ ಅಗಿಯುವುದನ್ನು ನಿಲ್ಲಿಸಿದ. ಐವತ್ತು ದಾಟಿದ ಗಂಡಸಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೈ ಚಾಚಿ ತೋರಿಸಿದ. ಅಲ್ಲೊಂದು ನೇರಳೆ ಮರ ಇತ್ತು, ಬುಡದಲ್ಲಿ ಮಡು, ಅವರಪ್ಪ ಆ ಮಡುವಿನಲ್ಲಿ ಎತ್ತು ಮೈ ತೊಳೆಯುತ್ತಿದ್ದ, ಇವನು ಮರದ ಮೇಲೆ ಕೂತು ಹಣ್ಣು ತಿನ್ನುತ್ತ ಬೀಜವನ್ನು ಎತ್ತಿನ ಬೆನ್ನಿಗೆ ಎಸೆಯುತ್ತಿದ್ದ. ಅವನ ಸೊಸೆಯಂದಿರು, ಮೊಮ್ಮಕ್ಕಳು ಬಾಯಿ ತೆರೆದು ಕೇಳಿದರು. ಅಲ್ಲಿ ಮರ ಇತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಆ ಮರ ಕಡಿಸಿದವನು ತಾನೇ ಎಂದು ಅಣ್ಣಾಸಾಬ ಹೇಳಿದಾಗ ಅವನ ದನಿ ಸಣ್ಣದಾಗಿತ್ತು. ಮರುದಿನ ಬೆಳಿಗ್ಗೆ ಭೀಮಸಿ ಅವನು ತೋರಿಸಿದ ಜಾಗದಲ್ಲಿ ಏನೂ ಹೇಳದೆ ಒಂದು ಗೂಟ ಬಡಿದ.

ನಮ್ಮ ಹೊಲಕ್ಕೆ ಬಂದಾಗ ಅದೇ ಪ್ರಶ್ನೆ. ನಮ್ಮವ್ವ ಬೇಸಿಗೆಯಲ್ಲಿ ಮರಳು ತೋಡಿ ವರತೆ ನೀರು ತುಂಬಿಕೊಳ್ಳುತ್ತಿದ್ದ ಜಾಗ ಹೇಳಿದಳು. ಕೌದಿ ಒಗೆಯಲು ಬಂದ ಹೆಂಗಸರೆಲ್ಲ ಸೇರಿ ಗಂಡಂದಿರನ್ನು ಆಡಿಕೊಂಡು ನಗುತ್ತಿದ್ದದ್ದೂ ಅಲ್ಲೇ ಅಂತೆ. ನಮ್ಮಣ್ಣ, ಶಾಲೆ ತಪ್ಪಿಸಿ ಲಕ್ಕಿ ಗಿಡದ ನೆರಳಲ್ಲಿ ಮಲಗಿ ಗೀಜಗ ಗೂಡು ಹೆಣೆಯುವುದನ್ನು ನೋಡುತ್ತಿದ್ದೆ ಎಂದ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಯಾರೂ ಹಳ್ಳ ಎಂಬ ಹೆಸರು ಎತ್ತಲಿಲ್ಲ, ತಾರವ್ವನೂ ಎತ್ತಲಿಲ್ಲ. ಆದರೆ ಹೇಳಿದ ಜಾಗಗಳೆಲ್ಲ ಹಳ್ಳದಲ್ಲೇ ಇದ್ದವು. ಭೀಮಸಿಯ ಗೂಟಗಳು ಒಂದರ ಹಿಂದೆ ಒಂದು ಸಾಲಾದವು.

ಮಾತು ಒಂದೇ ಕಡೆಯಿಂದ ಇರಲಿಲ್ಲ. ನಮ್ಮಣ್ಣ ಬಿಡುವವನಲ್ಲ. ನಾವು ಹಳ್ಳ ಕೆಡಿಸಿದೆವು ಸರಿ, ಆದರೆ ದಂಡೆಯ ಎಳೆ ಜಾಲಿಯನ್ನೆಲ್ಲ ಬುಡಮಟ್ಟ ಮೇಯಿಸಿದವರು ಯಾರು ಎಂದು ತಾರವ್ವನನ್ನೇ ಕೇಳಿದ. ಹಿಂಡಿನಲ್ಲಿ ಹತ್ತು ಹನ್ನೆರಡು ಆಡುಗಳೂ ಇದ್ದವು. ನಾನು ಈಗ ಜಗಳ ಹತ್ತಿತು ಎಂದುಕೊಂಡೆ. ತಾರವ್ವ, ಅದು ಖರೆ, ಆಡಿನ ಬಾಯಿ ಕೆಟ್ಟದ್ದು, ತಾನೂ ಅವನ್ನು ತಡೆಯಲಿಲ್ಲ ಎಂದು ಒಪ್ಪಿಕೊಂಡಳು. ದಂಡೆಗೆ ಗಿಡ ಹಚ್ಚಿದರೆ ಮೂರು ವರ್ಷ ಆಡುಗಳನ್ನು ಆ ಕಡೆ ಬಿಡುವುದಿಲ್ಲ ಎಂದಳು. ಹಾಗೆ ಒಪ್ಪಿಕೊಂಡವರ ಮುಂದೆ ನಮ್ಮಣ್ಣನಿಗೆ ಜಗಳ ಆಡಲು ಬರುವುದಿಲ್ಲ. ಅವತ್ತಿನಿಂದ ಅವನು ಅವಳನ್ನು ತಾರವ್ವಕ್ಕ ಎಂದು ಕರೆಯತೊಡಗಿದ.

ಉಳಿದವನು ದಾದಾಸಾಹೇಬ. ದ್ರಾಕ್ಷಿ ತೋಟದ ಪಕ್ಕದ ಬೀಳಿನಲ್ಲಿ ಕುರಿ ನಿಂತವು. ಪ್ರಶ್ನೆ ಕೇಳಿದಾಗ ಅವನು, ತನಗೆ ಕೂರಲು ಯಾವತ್ತೂ ಪುರುಸೊತ್ತು ಇರಲಿಲ್ಲ ಎಂದು ಮುಖ ತಿರುಗಿಸಿದ. ಆದರೆ ಅವತ್ತು ಒಂದು ಸಂಗತಿ ನಡೆಯಿತು. ಅವನ ಆಳು ತೋಟದ ಬಾವಿಯಿಂದ ನೀರೆತ್ತಿ ತೊಟ್ಟಿಗೆ ಸುರಿದ. ದಿನವೆಲ್ಲ ಬಿಸಿಲುಂಡ ಕುರಿಗಳು ಓಡಿ ಬಂದು ಮೂತಿ ಇಟ್ಟವು, ಮೂಸಿ ಹಿಂದೆ ಸರಿದವು. ಒಂದೂ ಕುಡಿಯಲಿಲ್ಲ. ನಾನು ನೋಡಿದೆ, ತಾರವ್ವ ನೋಡಿದಳು, ದಾದಾಸಾಹೇಬನೂ ನೋಡಿದ. ತಾರವ್ವ ಕುರಿಗಳಿಗೆ ಹೊಟ್ಟೆ ತುಂಬಿದೆ ಎಂದು ಹೇಳಿ ಮಾತು ಬೇರೆ ಕಡೆ ತಿರುಗಿಸಿದಳು.

ನನಗಂತೂ ಖುಷಿಯೋ ಖುಷಿ. ಅವನ ಬಾವಿಯೂ ಉಪ್ಪಾಗಿತ್ತು. ದ್ರಾಕ್ಷಿ ಎಲೆಯ ಅಂಚು ಸುಡುತ್ತಿದ್ದದ್ದು ರೋಗದಿಂದಲ್ಲ, ಅವನು ಹೊಡೆದ ಔಷಧವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಮರುದಿನ ತಾರವ್ವನ ಬಳಿ ಹೋಗಿ, ಇದನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಎತ್ತುತ್ತೇನೆ, ಆ ಮಗ ಬಾಯಿ ಮುಚ್ಚಿಕೊಂಡು ದಾರಿ ಬಿಡುತ್ತಾನೆ ಎಂದೆ. ಅವಳು ನನ್ನನ್ನು ಬೈದದ್ದು ಅದೊಂದೇ ಸಲ.

"ಸುಮ್ಮಕಿರ್ರಿ. ಮಂದ್ಯಾಗ ಮಾನ ಕಳದು ಬಿಡಸ್ಕೊಂಡ ದಾರಿ ಎಷ್ಟ ದಿನಾ ಉಳದೀತ್ರಿ? ಮುಂದಿನ ವರ್ಷ ಮುಳ್ಳ ಬಡಿತಾನ. ನನಗ ದಿನಾ ಅಲ್ಲೇ ಹಾಯ್ಬೇಕು, ನಿಮಗಲ್ಲ."

ಅವಳು ಒಬ್ಬಳೇ ದಾದಾಸಾಹೇಬನ ತೋಟದ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಎಷ್ಟೋ ದಿನಗಳ ಮೇಲೆ ದಾದಾಸಾಹೇಬನೇ ನನಗೆ ಹೇಳಿದ. ಅವಳು ಬಾವಿಯ ಸುದ್ದಿ ಎತ್ತಲಿಲ್ಲವಂತೆ, ಹಳ್ಳದ ಸುದ್ದಿಯೂ ಇಲ್ಲ. ಅಡಿಗೆ ಮನೆಯ ಹೊಸ್ತಿಲಲ್ಲಿ ಕೂತು ಅವನ ಹೆಂಡತಿ ಗಿರಿಜವ್ವನನ್ನು, ಬೇಳೆ ಚೆನ್ನಾಗಿ ಬೇಯುತ್ತದೆಯೇ ಎಂದು ಕೇಳಿದಳಂತೆ. ಉಪ್ಪು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಎಷ್ಟು ಕಟ್ಟಿಗೆ ಒಟ್ಟಿದರೂ ಕಾಳು ಕಾಳಾಗಿ ಉಳಿಯುತ್ತವೆ. ಗಿರಿಜವ್ವನಿಗೆ ಅಷ್ಟೇ ಸಾಕಾಯಿತು. ಎರಡು ವರ್ಷದಿಂದ ಹೊಳೆಯ ನೀರನ್ನು ಗಾಡಿಯ ಮೇಲೆ ಬ್ಯಾರಲ್ಲಿನಲ್ಲಿ ತರಿಸುತ್ತಿದ್ದೇವೆ, ಕೇಳಿದವರಿಗೆ ದ್ರಾಕ್ಷಿಗೆ ಔಷಧ ಹೊಡೆಯಲು ಎಂದು ಹೇಳಿಸುತ್ತಾರೆ, ಈ ಮನುಷ್ಯನ ಸೊಕ್ಕಿಗೆ ನಾನು ಬೇಯದ ಬೇಳೆ ಉಣ್ಣುತ್ತಿದ್ದೇನೆ ಎಂದು ಗಂಡನ ಎದುರೇ ಅತ್ತಳು.

ದಾದಾಸಾಹೇಬ ಬಾಗಿಲಲ್ಲಿ ನಿಂತಿದ್ದ. ಕೊನೆಗೆ ಅವನಾಗಿಯೇ, ಅವತ್ತು ಬೀಳಿನಲ್ಲಿ ಕೇಳಿದ ಪ್ರಶ್ನೆಗೆ ತಾರವ್ವನಿಗೆ ಉತ್ತರ ಕೊಟ್ಟ: "ನನಗ ಆ ಬಾವಿ ಕಟ್ಟಿ ಮ್ಯಾಲ ಕುಂದ್ರೂದು ಚಲೋ ಅನಸ್ತಿತ್ತ. ನಾನೂ ನಮ್ಮಪ್ಪನೂ ತೋಡಿದ ಬಾವಿ ಅದು. ಹಾದಿ ಹಿಡದ ಹೋಗಾವರು ಕುಡದ, ಏನ ಸಿಹಿ ನೀರ ಅಂತಿದ್ರು." ಅದನ್ನು ನನ್ನ ಮುಂದೆ ಹೇಳುವಾಗಲೂ ಅವನ ಕಣ್ಣು ತುಂಬಿದ್ದವು. ಬಾವಿ ಹಳ್ಳದ ದಂಡೆಯ ಮೇಲೇ ಇತ್ತು. ಮರುದಿನ ಭೀಮಸಿ ಅಲ್ಲೊಂದು ಗೂಟ ಬಡಿದಾಗ ದಾದಾಸಾಹೇಬನೇ ಗೂಟ ಹಿಡಿದುಕೊಂಡು ನಿಂತಿದ್ದನಂತೆ.

ಇಲ್ಲಿಗೆ ಕಥೆ ಮುಗಿಸಿಬಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಮುಂದಿನದನ್ನು ಹೇಳದಿದ್ದರೆ ಬರೆದದ್ದೇ ಸುಳ್ಳಾಗುತ್ತದೆ.

ಗೂಟದ ಸಾಲಿನಲ್ಲೇ ಕಾಲುವೆ ತೋಡಿ ಪಕ್ಕದಲ್ಲಿ ಕುರಿಗಳಿಗೆ ದಾರಿ ಬಿಡುವುದೆಂದು ಮೂರೂ ಮನೆಯವರು ಒಪ್ಪಿ, ಮಾಘದಲ್ಲಿ ತೋಡುವ ಕೆಲಸ ಹಿಡಿದೆವು. ಹೊಳೆಯ ಕಡೆಯಿಂದ ಮೇಲಕ್ಕೆ ಬರಬೇಕು. ಗೂಟದಿಂದ ಗೂಟಕ್ಕೆ ಹಗ್ಗ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ತಾರವ್ವ ಆಗ ಹಿಂಡು ಹೊಡೆದುಕೊಂಡು ರಾಯಬಾಗದ ಕಡೆ ಮೇಯಿಸಲು ಹೋಗಿದ್ದಳು. ಸಂಜೆ ಕೂತು ನೇರಳೆ ಮರ, ಗೀಜಗನ ಗೂಡು ಎಂದು ಮಾತಾಡುವಾಗ ನಾವೆಲ್ಲ ಧಾರಾಳಿಗಳು. ಹಗ್ಗ ಕೈಗೆ ಬಂದ ಕೂಡಲೇ ನನ್ನ ತಲೆಯಲ್ಲಿ ಗುಂಟೆಗಳು ಓಡಾಡತೊಡಗಿದವು. ನೀರು ಹೋಗಲು ನಾಲ್ಕು ಮೊಳ ಅಗಲ ಸಾಕು. ಅದಕ್ಕಿಂತ ಹೆಚ್ಚು ಯಾಕೆ? ಕುರಿಗಳ ದಾರಿಯನ್ನು ಆಮೇಲೆ ನೋಡಿಕೊಂಡರಾಯಿತು. ಹೀಗೆ ನಾನೇ ನಾಲ್ಕು ಮೊಳದ ಅಳತೆ ಹಾಕಿಕೊಟ್ಟೆ. ಭೀಮಸಿ ಸಲಿಕೆ ಊರಿ ಹಗ್ಗದ ಮುಂದೆ ಬಹಳ ಹೊತ್ತು ನಿಂತ. ನನ್ನ ಮುಖ ನೋಡಿದ. ಅವನು ಮಾತಾಡುವವನಲ್ಲ ಎಂಬುದೇ ನನಗೆ ಅನುಕೂಲವಾಯಿತು. ನಾನು ಆ ಕಡೆ ತಿರುಗಿ ಆಳುಗಳಿಗೆ ಕೂಗು ಹಾಕಿದೆ.

ಮೂರು ವಾರದ ಕೆಲಸ. ಮೂರು ಮನೆತನದವರೂ ಮಡ್ಡಿಯವರೂ ಒಟ್ಟಿಗೆ ಮಣ್ಣು ಹೊತ್ತೆವು. ಕಾಲುವೆ ಎದೆಯಾಳ ಇಳಿಯಿತು. ನಮ್ಮ ಹೊಲ ಮುಟ್ಟಿದ ಮೂರನೆಯ ದಿನ ಗೋಡೆಯಿಂದ ನೀರು ಜಿನುಗಿ ಸಣ್ಣಗೆ ಹರಿಯತೊಡಗಿತು. ನಮ್ಮಣ್ಣ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು, ಥೂ ಎಂದು ಉಗುಳಿ, ಚಿಕ್ಕ ಹುಡುಗನ ಹಾಗೆ ನಕ್ಕ. ಉಪ್ಪು ಹೊಲ ಬಿಟ್ಟು ಹೊರಟಿತ್ತು. ನನಗೆ ಗೆದ್ದೆ ಎನಿಸಿತು. ಆಮೇಲೆ ಕೆಳಗಿನ ಹೊಲಗಳ ಕಡೆ ನಾನು ಹೋಗಲಿಲ್ಲ.

1991ರ ಪಾಡ್ಯೆಯ ಬೆಳಿಗ್ಗೆ ತಾರವ್ವ ಹಿಂಡಿನೊಡನೆ ಮಡ್ಡಿ ಇಳಿದು ಬಂದಳು. ತೊಂಬತ್ತು ಕುರಿ, ಹೊಸ ಮರಿಗಳು ಬೇರೆ. ರಸ್ತೆಯಲ್ಲಿ ಬಾಳಾಸಾಬನ ಟೆಂಪೊ ನಿಂತಿತ್ತು. ನಮ್ಮ ಹೊಲದ ತಲೆಗೆ ಬಂದು ಅವಳು ನಿಂತಳು. ಎದುರಿಗೆ ನಾಲ್ಕು ಮೊಳದ ಕಂದಕ. ಅದರ ಎರಡೂ ಅಂಚಿಗೆ ಒತ್ತಿಕೊಂಡು ನಮ್ಮ ಕುಳೆ ಕಬ್ಬು. ಕುರಿ ಕಾಲಿಡಲು ಒಂದು ಗೇಣು ಜಾಗವಿಲ್ಲ.

"ಸಾವಕಾರ್ರ, ಇದರಾಗ ನೀರ ಹೋಗತೈತಿ," ಎಂದಳು. "ನನ್ನ ಕುರಿ ಎಲ್ಲಿ ಹಾದ ಹೋಗಬೇಕ್ರಿ?"

ಮುಂದಿನ ವರ್ಷ ಏನಾದರೂ ಮಾಡೋಣ ಎಂದು ನಾನು ಗೊಣಗಿದೆ. ಅವಳು ಮುಂದಿನ ಟಗರಿನ ಕೊಂಬು ಹಿಡಿದು ರಸ್ತೆಯ ಕಡೆ ತಿರುಗಿಸಿದಳು. ಹಿಂಡು ಅದರ ಹಿಂದೆ ತಿರುಗಿತು. ಬಾಳಾಸಾಬ ಟೆಂಪೊದ ಹಿಂಬದಿಯ ಹಲಗೆ ಇಳಿಸಿದ.

ಆಗ ಕೆಳಗಿನ ಬದುವಿನ ಮೇಲಿಂದ ದಾದಾಸಾಹೇಬ ಬಂದ. ಹಬ್ಬದ ದಿನವಾದರೂ ಮೈಯೆಲ್ಲ ಮಣ್ಣಾಗಿತ್ತು. ಕುರಿ ಇನ್ನೂ ಯಾಕೆ ಬರಲಿಲ್ಲ ಎಂದು ಬೆಳಗಿನಿಂದ ಕಾಯುತ್ತಿದ್ದನಂತೆ. ಹಿಂಡು ರಸ್ತೆ ಹಿಡಿದದ್ದನ್ನು ನೋಡಿದ, ನನ್ನ ಕಂದಕ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನೀ ಕೊಟ್ಟ ಅಳತಿ ನನಗ ಬರೋಬರಿ ಅನಸಲಿಲ್ಲ, ಬಾಬಾಸಾಹೇಬ," ಎಂದ. "ನೀರಿಗೆ ನಾಕ ಮೊಳ, ಕುರಿಗೆ ಎಂಟ ಮೊಳ ಬಿಟ್ಟೇನಿ. ನಾಕ ಸಾಲ ದ್ರಾಕ್ಷಿ ಕಿತ್ತಿನಿ. ಅದನ್ನ ನೋಡಿ ಅಣ್ಣಾಸಾಬನೂ ಬಿಟ್ಟಾನ. ಕೆಳಗ ಹೊಳಿತನಾ ದಾರಿ ಐತಿ."

ಚಾವಡಿಯಲ್ಲಿ ಧೋತರ ಝಾಡಿಸಿ ಎದ್ದು ಹೋದವನು ನಾಲ್ಕು ಸಾಲು ದ್ರಾಕ್ಷಿ ಕಿತ್ತಿದ್ದ. ತಾರವ್ವನ ಮನೆಯಲ್ಲಿ ಚಹಾ ಕುಡಿದು ಬಂದ ನಾನು ನಾಲ್ಕು ಸಾಲು ಕಬ್ಬು ಬಿಡಲಿಲ್ಲ. ಹೊಳೆಯವರೆಗೆ ದಾರಿ ತೆರೆದಿತ್ತು. ಅದರ ಬಾಯಿಗೆ ಅಡ್ಡ ನಿಂತವನು ನಾನೊಬ್ಬನೇ. ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಅಲ್ಲಿ ನಿಲ್ಲಲು ಆಗಲಿಲ್ಲ. ಓಡಿದೆ. ರಸ್ತೆಗೆ ಓಡಿ, ಹಲಗೆಯ ಮೇಲೆ ಕಾಲಿಡುತ್ತಿದ್ದ ಟಗರಿನ ಕೊಂಬನ್ನು ತಾರವ್ವನ ಕೈಯಿಂದ ಬಿಡಿಸಿಕೊಂಡು, ಎಳೆದುಕೊಂಡು ಬಂದು ನನ್ನ ಕಬ್ಬಿನೊಳಗೆ ನೂಕಿದೆ.

"ಹೊಡಿ ಅಕ್ಕಾ, ಹೊಡಿ," ಎಂದೆ. "ತುಳದ ಹೋಗಲಿ. ಅವು ತುಳದಷ್ಟೂ ದಾರಿ ನಿನ್ನದು."

ಟಗರಿನ ಹಿಂದೆ ತೊಂಬತ್ತು ಕುರಿಯೂ ನುಗ್ಗಿದವು. ಕಂದಕದ ಗುಂಟ ನನ್ನ ಕಬ್ಬಿನ ಆರು ಸಾಲು ನೆಲಕ್ಕೆ ಮಲಗಿದವು. ನಮ್ಮಣ್ಣ ಬದುವಿನ ಮೇಲೆ ನಿಂತು ನೋಡುತ್ತಿದ್ದವನು, ಕೆಳಗಿಳಿದು ಹಿಂದುಳಿದ ಒಂದು ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹಿಂಡಿನ ಹಿಂದೆ ನಡೆದ. ಧೂಳೆಬ್ಬಿಸುತ್ತ ಹಿಂಡು ದಾದಾಸಾಹೇಬನ ಹೊಲಕ್ಕೆ ಇಳಿಯಿತು. ರಸ್ತೆಯಿಂದ ಬಾಳಾಸಾಬ, ತಾನು ಎಷ್ಟು ಹೊತ್ತು ಕಾಯಬೇಕು ಎಂದು ಕೂಗಿದ.

ತಾರವ್ವ ನಡೆಯುತ್ತಲೇ ತಿರುಗಿ ಹೇಳಿದಳು: "ಕಾಯಬ್ಯಾಡ್ರಿ, ಗಾಡಿ ಖಾಲೀನ ಒಯ್ರಿ. ನನ್ನ ಕುರಿ ಹೊಳಿಗೆ ಹೊಂಟಾವ."